ತಾಯಿಗೆ ಸ್ಕಿಜೋಫ್ರೇನಿಯಾ, ಕಷ್ಟದ ಹೆರಿಗೆ: ಮಗುವಿಗೂ ಕಾಯಿಲೆ ಬರುವುದು ಖಚಿತವೇ?

ತಾಯಿಗೆ ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಿಜವೆಂದು ನಂಬಿಸುವ ತೀವ್ರ ಮಾನಸಿಕ ಕಾಯಿಲೆ) ಇದೆ, ನೀವು ಹುಟ್ಟುವಾಗ ಉಸಿರುಗಟ್ಟಿತ್ತೆಂದು ಮನೆಯವರು ಹೇಳುತ್ತಾರೆ, ಹಾಗಾದರೆ ಕಾಯಿಲೆ ನಿಮಗೂ ಬರುವುದು ಖಚಿತವೇ ಎಂದು ಕೇಳಿದ್ದೀರಿ. ಖಂಡಿತ ಹಾಗಲ್ಲ. ನನ್ನ ಅಣ್ಣನಿಗೂ ಇದೇ ಕಾಯಿಲೆ ಇರುವುದರಿಂದ ಈ ಭಯವನ್ನು ನಾನೂ ವರ್ಷಗಟ್ಟಲೆ ಅನುಭವಿಸಿದ್ದೇನೆ. ಓದಿ ತಿಳಿದದ್ದನ್ನು ಹೇಳುತ್ತೇನೆ.

ಒಟ್ಟು ಜನರಲ್ಲಿ ಜೀವಮಾನದ ಯಾವುದಾದರೂ ಘಟ್ಟದಲ್ಲಿ ಈ ಕಾಯಿಲೆಗೆ ತುತ್ತಾಗುವವರು ನೂರಕ್ಕೆ ಸುಮಾರು 1. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೆ ಅದು 10ರ ಆಸುಪಾಸಿಗೆ ಏರುತ್ತದೆ. ಆದರೂ ಹತ್ತರಲ್ಲಿ ಒಂಬತ್ತು ಮಂದಿ ಇದರಿಂದ ಪಾರಾಗುತ್ತಾರೆ. ಈ ಏರಿಕೆಗೆ ತಾಯಿ ಮಗುವನ್ನು ಸಾಕಿದ ರೀತಿಯೇ ಕಾರಣವೆಂದು ಹಿಂದೆ ದೂಷಿಸುತ್ತಿದ್ದರು. ಹುಟ್ಟಿದ ಕೆಲವೇ ದಿನಗಳಲ್ಲಿ ಕಾಯಿಲೆಯ ತಾಯಂದಿರಿಂದ ಬೇರೆಯಾಗಿ ಬೆಳೆದ 47 ಮಂದಿಯನ್ನು ಅಮೆರಿಕದ ಮನೋವೈದ್ಯ ಲಿಯೊನಾರ್ಡ್ ಹೆಸ್ಟನ್ ಪರಿಶೀಲಿಸಿದಾಗ ಅವರಲ್ಲಿ 5 ಮಂದಿಗೆ ಕಾಯಿಲೆ ಕಂಡಿತು, ಹೋಲಿಕೆಗೆಂದು ತೆಗೆದುಕೊಂಡ, ಈ ಕಾಯಿಲೆಯಿಲ್ಲದ ತಾಯಂದಿರಿಂದ ಬೇರೆಯಾಗಿ ಬೆಳೆದ 50 ಮಂದಿಯಲ್ಲಿ ಒಬ್ಬರಿಗೂ ಕಾಣಲಿಲ್ಲ. 1966ರ ಈ ವರದಿ ಎಷ್ಟೋ ತಾಯಂದಿರ ಮೇಲಿದ್ದ ಅನ್ಯಾಯದ ಆರೋಪವನ್ನು ಸಡಿಲಿಸಿತು ಎಂಬುದು ನನಗೆ ಬಹಳ ಮುಖ್ಯವಾಗಿ ತೋರುತ್ತದೆ.

ಹಾಗೆಂದು ಎಲ್ಲವೂ ವಂಶವಾಹಿಗಳ ಕೈಯಲ್ಲೇ ಇಲ್ಲ. ತದ್ರೂಪಿ ಅವಳಿಗಳ ವಂಶವಾಹಿಗಳು ಬಹುಪಾಲು ಒಂದೇ ಆಗಿದ್ದರೂ, ಒಬ್ಬರಿಗೆ ಕಾಯಿಲೆ ಬಂದಾಗ ಇನ್ನೊಬ್ಬರಿಗೂ ಬರುವುದು ಅರ್ಧಕ್ಕಿಂತ ಕಡಿಮೆ ಜೋಡಿಗಳಲ್ಲಿ. ಹೆಚ್ಚಿನವರಲ್ಲಿ ಇದಕ್ಕೆ ಕಾರಣವೆನ್ನಬಹುದಾದ ಒಂದೇ ವಂಶವಾಹಿಯೂ ಇಲ್ಲ. 2022ರ ದೊಡ್ಡ ಅಧ್ಯಯನವೊಂದು ಜೀನೋಮ್‌ನ (ನಮ್ಮ ವಂಶವಾಹಿಗಳ ಇಡೀ ಸಂಗ್ರಹದ) 287 ತಾಣಗಳನ್ನು ಗುರುತಿಸಿತು, ಅಲ್ಲಿನ ಒಂದೊಂದು ವ್ಯತ್ಯಾಸದ ಪ್ರಭಾವವೂ ಬಹಳ ಸಣ್ಣದು.

ಗರ್ಭದ ದಿನಗಳ ಪ್ರಭಾವಕ್ಕೆ ನೆದರ್ಲೆಂಡ್ಸ್‌ನಲ್ಲಿ 1944-45ರ ಚಳಿಗಾಲದಲ್ಲಿ ಬಿದ್ದ ಕ್ಷಾಮವೇ ಸಾಕ್ಷಿ: ಅದರ ತೀವ್ರ ಹಸಿವಿನ ದಿನಗಳಲ್ಲಿ ಗರ್ಭದಲ್ಲಿ ರೂಪುಗೊಂಡವರಲ್ಲಿ ಈ ಕಾಯಿಲೆ ಸುಮಾರು ಇಮ್ಮಡಿಯಾಗಿತ್ತು. ಹೆರಿಗೆಯ ವೇಳೆ ಮಗುವಿಗೆ ಆಮ್ಲಜನಕ ಕಡಿಮೆಯಾಗುವುದೂ ಅಪಾಯವನ್ನು ಒಂದಿಷ್ಟು ಹೆಚ್ಚಿಸುತ್ತದೆ, ಆದರೆ ಹಾಗೆ ಹುಟ್ಟಿದ ಬಹುಪಾಲು ಮಕ್ಕಳಿಗೆ ಸ್ಕಿಜೋಫ್ರೇನಿಯಾ ಬರುವುದೇ ಇಲ್ಲ. ವಂಶವಾಹಿಗಳೂ ಗರ್ಭದ ತೊಡಕುಗಳೂ ಒಂದಕ್ಕೊಂದು ಬೆಸೆದುಕೊಂಡಿರಬಹುದೇ ಎಂಬ ಪ್ರಶ್ನೆಗೆ 2018ರ ಸಂಶೋಧನೆಯೊಂದು ಹೌದೆಂದಿತು: ಗರ್ಭಾವಸ್ಥೆಯಲ್ಲಿ ತೊಡಕು ಕಂಡವರಲ್ಲಿ ಅಪಾಯ ಹೆಚ್ಚಿಸುವ ವಂಶವಾಹಿ ವ್ಯತ್ಯಾಸಗಳ ಒಟ್ಟು ಹೊರೆಗೂ ಕಾಯಿಲೆಗೂ ಇರುವ ನಂಟು ಹೆಚ್ಚು ಬಲವಾಗಿತ್ತು, ಸಂಬಂಧಿಸಿದ ಕೆಲವು ವಂಶವಾಹಿಗಳು ಮಾಸಿನಲ್ಲಿ (ಗರ್ಭದಲ್ಲಿ ಮಗುವಿಗೆ ಪೋಷಣೆ ಒದಗಿಸುವ ಪ್ಲಸೆಂಟಾದಲ್ಲಿ) ಚುರುಕಾಗಿದ್ದವು. ನಂತರದ ಕೆಲವು ಅಧ್ಯಯನಗಳು ಇದನ್ನು ಸಮರ್ಥಿಸದ ಕಾರಣ ನಾನು ಇದನ್ನು ಕೊನೆಯ ಮಾತೆಂದು ಹಿಡಿದಿಲ್ಲ.

ಹುಟ್ಟಿನ ಸಂಗತಿಗಳನ್ನು ಈಗ ಬದಲಿಸಲಾಗದು, ಆದರೆ ಗಾಂಜಾ, ಅದರಲ್ಲೂ ಹದಿಹರೆಯದಲ್ಲಿ, ಅಪಾಯವನ್ನು ಹೆಚ್ಚಿಸುವುದರಿಂದ ಅದರಿಂದ ದೂರವಿರುವುದು ನಿಮ್ಮ ಕೈಯಲ್ಲಿದೆ. ಯಾರೂ ಇಲ್ಲದಾಗ ದನಿ ಕೇಳಿಸುವುದು, ಕಾರಣವಿಲ್ಲದೆ ಎಲ್ಲರ ಮೇಲೂ ಅನುಮಾನ ಹುಟ್ಟುವುದು ಕಂಡುಬಂದರೆ ತಡಮಾಡದೆ ಮನೋವೈದ್ಯರನ್ನು ಕಂಡು, ತಾಯಿಯ ಕಾಯಿಲೆಯ ವಿಷಯವನ್ನು ಮೊದಲೇ ತಿಳಿಸಿ.