ಮೊದಲ ಚೆಂಡು ಬುಟ್ಟಿಗೆ, ಉಳಿದವು ನೆಲಕ್ಕೆ: ದೊಡ್ಡ ಮೋಟಾರ್ ಹಾಕಬೇಕೇ?

ವೇಗವಾಗಿ ತಿರುಗುವ ಚಕ್ರದಿಂದ ಚೆಂಡೆಸೆಯುವ ನಿಮ್ಮ ಪಂದ್ಯದ ಯಂತ್ರದಲ್ಲಿ ಮೊದಲ ಟೆನಿಸ್ ಚೆಂಡು ಬುಟ್ಟಿಗೆ ಬೀಳುತ್ತದೆ, ಅದರ ಬೆನ್ನಿಗೇ ಬರುವ ಎರಡನೆಯದೂ ಮೂರನೆಯದೂ ಬುಟ್ಟಿ ತಲುಪುವುದಿಲ್ಲ, ಆದ್ದರಿಂದ ಈಗಿರುವ 775 ಎಂಬ ಸಣ್ಣ ಡಿ.ಸಿ. ಮೋಟಾರಿನ ಬದಲು ಯಾವ ದೊಡ್ಡ ಮೋಟಾರ್ ಕೊಳ್ಳಲಿ ಎಂದು ಕೇಳಿದ್ದೀರಿ. ಯಾವುದನ್ನೂ ಕೊಳ್ಳಬೇಡಿ. ಇಂಜಿನಿಯರಿಂಗ್‌ನ ಕೊನೆಯ ವರ್ಷದಲ್ಲಿ ನಮ್ಮ ತಂಡವೂ ಹೀಗೆಯೇ ಯೋಚಿಸಿ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ದೊಡ್ಡ ಮೋಟಾರನ್ನೂ ಅದಕ್ಕೆ ವಿದ್ಯುತ್ ಪೂರೈಸುವ ಡ್ರೈವರ್ ಬೋರ್ಡನ್ನೂ ತಂದು ಕೂರಿಸಿತು. ಚೆಂಡುಗಳು ಮೊದಲು ಬೀಳುತ್ತಿದ್ದಲ್ಲೇ ಬಿದ್ದವು. ಜೊತೆಗೆ, ಚಕ್ರ ವೇಗ ಹಿಡಿಯಲು ಹೊರಟಾಗಲೆಲ್ಲ ಬ್ಯಾಟರಿಯ ವೋಲ್ಟೇಜ್ ಕುಸಿದು ಕಂಟ್ರೋಲರ್ ರೀಸೆಟ್ ಆಗತೊಡಗಿತು.

ನಮ್ಮನ್ನು ದಾರಿ ತಪ್ಪಿಸಿದ್ದು ಚಕ್ರದ ವೇಗವನ್ನು ಅಳೆಯುತ್ತಿದ್ದ ರೀತಿ. ಇದನ್ನು ಸ್ವಲ್ಪ ವಿಸ್ತರಿಸಿಯೇ ಹೇಳುತ್ತೇನೆ, ಏಕೆಂದರೆ ನೀವೂ ಅದನ್ನೇ ಮಾಡುತ್ತಿರುವ ಸಾಧ್ಯತೆ ಹೆಚ್ಚು. ಚಕ್ರಕ್ಕೆ ಒಂದು ಆಯಸ್ಕಾಂತ ಅಂಟಿಸಿ, ಆಯಸ್ಕಾಂತ ಹಾದುಹೋದಾಗಲೆಲ್ಲ ಒಂದು ಪಲ್ಸ್ (ವಿದ್ಯುತ್ ಸಂಕೇತ) ಕೊಡುವ ಹಾಲ್ ಸೆನ್ಸರನ್ನು ಎದುರಿಗೆ ಇಟ್ಟು, ಪ್ರತಿ 50 ಮಿಲಿಸೆಕೆಂಡಿನಲ್ಲಿ ಎಷ್ಟು ಪಲ್ಸ್ ಬಂದವೆಂದು ಎಣಿಸುತ್ತಿದ್ದೆವು. ಚಕ್ರ ನಿಮಿಷಕ್ಕೆ ಸುಮಾರು 3,800 ಸುತ್ತು ತಿರುಗುವಾಗ ಅಷ್ಟು ಹೊತ್ತಿನಲ್ಲಿ ಸಿಗುವುದು ಮೂರೋ ನಾಲ್ಕೋ ಪಲ್ಸ್ ಮಾತ್ರ. ಹಾಗಾಗಿ ಚಕ್ರ ಸ್ಥಿರವಾಗಿದ್ದರೂ ಅಂಕಿಗಳು ಕುಣಿಯುತ್ತಿದ್ದವು. ಆ ಕುಣಿತ ನೋಡಲಾಗದೆ ಅರ್ಧ ಸೆಕೆಂಡಿನ ಸರಾಸರಿ ತೆಗೆಯತೊಡಗಿದೆವು. ಗ್ರಾಫ್ ಬಹಳ ಸುಂದರವಾಯಿತು. ಆದರೆ ಚೆಂಡು ತಾಗಿದಾಗ ಆಗುವ ವೇಗದ ಕುಸಿತ ಹಾಗೂ ಚೇತರಿಕೆ ಎರಡೂ ಆ ಅರ್ಧ ಸೆಕೆಂಡಿನೊಳಗೇ ಮುಗಿಯುತ್ತಿದ್ದುದರಿಂದ, ಶೇಕಡ 13ರ ಕುಸಿತವು ನಮ್ಮ ಪರದೆಯ ಮೇಲೆ ಶೇಕಡ 5ರಂತೆ ಕಾಣುತ್ತಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಮೋಟಾರನ್ನು ನಿಯಂತ್ರಿಸುವ ಪ್ರೋಗ್ರಾಮಿಗೂ ಇದೇ ಹಳಸಿದ ಅಂಕಿಯನ್ನು ಕೊಟ್ಟಿದ್ದೆವು. ವೇಗ ಬಿದ್ದಿದೆ ಎಂಬ ಸುದ್ದಿ ಅದಕ್ಕೆ ತಲುಪುವಷ್ಟರಲ್ಲಿ ಎರಡನೆಯ ಚೆಂಡು ಹೊರಟುಹೋಗಿರುತ್ತಿತ್ತು. ಇಂಥ ಪ್ರೋಗ್ರಾಮಿನ ಕೈಗೆ ಎಷ್ಟು ದೊಡ್ಡ ಮೋಟಾರ್ ಕೊಟ್ಟರೂ ವ್ಯರ್ಥ.

ಪಲ್ಸ್ ಎಣಿಸುವುದನ್ನು ಬಿಟ್ಟು, ಒಂದು ಪಲ್ಸಿನಿಂದ ಮುಂದಿನ ಪಲ್ಸಿನವರೆಗಿನ ಕಾಲವನ್ನು ಮೈಕ್ರೋಸೆಕೆಂಡುಗಳಲ್ಲಿ ಅಳೆಯಿರಿ. ಸುತ್ತೊಂದಕ್ಕೆ 15.8 ಮಿಲಿಸೆಕೆಂಡ್ ಇದ್ದದ್ದು 18.2ಕ್ಕೆ ಏರಿದರೆ ಆ ಕ್ಷಣವೇ ತಿಳಿಯುತ್ತದೆ. ನಂಬಿಕೆ ಬಾರದಿದ್ದರೆ ಚಕ್ರದ ಮೇಲೆ ಬಿಳಿ ಬಣ್ಣದ ಗೆರೆ ಎಳೆದು, ಸೆಕೆಂಡಿಗೆ 240 ಫ್ರೇಮ್ ಹಿಡಿಯುವ ಫೋನಿನಲ್ಲಿ ಸ್ಲೋಮೋಷನ್ ವಿಡಿಯೋ ಮಾಡಿ ನೋಡಿ. ನಮ್ಮ ಕಣ್ಣು ತೆರೆಸಿದ್ದು ಅದೇ.

ಕುಸಿತ ಏಕಾಗುತ್ತದೆ ಎಂಬುದಕ್ಕೆ ನಮ್ಮ ಲೆಕ್ಕ ಹೀಗಿತ್ತು. 58 ಗ್ರಾಂ ತೂಕದ ಚೆಂಡು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹೊರಡಲು ಸುಮಾರು 3 ಜೂಲ್ ಬೇಕು. ಒಂದೇ ಚಕ್ರವೂ ಎದುರಿಗೆ ಅಲುಗದ ಹುಡ್ಡೂ (ಚೆಂಡನ್ನು ಚಕ್ರಕ್ಕೆ ಒತ್ತಿಹಿಡಿಯುವ ಬಾಗಿದ ಹೊದಿಕೆ) ಇರುವ ಯಂತ್ರದಲ್ಲಿ ಚೆಂಡು ಉರುಳುತ್ತಾ ಸಾಗುವುದರಿಂದ ಅದರ ವೇಗ ಚಕ್ರದ ಅಂಚಿನ ವೇಗದ ಅರ್ಧ ಮಾತ್ರ, ಮತ್ತು ಆ ಉರುಳುವಿಕೆಗೆ ಇನ್ನೂ 2 ಜೂಲ್ ಹೋಗುತ್ತದೆ. 10 ಸೆಂಟಿಮೀಟರ್ ವ್ಯಾಸದ, 200 ಗ್ರಾಂ ತೂಕದ ಚಕ್ರದಲ್ಲಿ ಆಗ ಇರುವುದೇ 20 ಜೂಲ್. ಅದರಲ್ಲಿ 5 ಕಳೆದರೆ ವೇಗ ಶೇಕಡ 13ರಷ್ಟು ಇಳಿಯುತ್ತದೆ. ದೂರವು ವೇಗದ ವರ್ಗವನ್ನು ಅನುಸರಿಸುವುದರಿಂದ 10 ಮೀಟರ್ ಹೋಗಬೇಕಾದ ಚೆಂಡು ಏಳೂವರೆ ಮೀಟರಿಗೇ ಬೀಳುತ್ತದೆ.

ಆದ್ದರಿಂದ ಹಣ ಖರ್ಚು ಮಾಡಲೇಬೇಕಿದ್ದರೆ ಚಕ್ರದ ಅಂಚಿನ ತೂಕಕ್ಕೆ ಮಾಡಿ. ನಾವು ಪೀಣ್ಯದ ಲೇತ್ ಅಂಗಡಿಯೊಂದರಲ್ಲಿ 300 ಗ್ರಾಂನ ಎಂ.ಎಸ್. (ಮೆದು ಉಕ್ಕಿನ) ಉಂಗುರ ಮಾಡಿಸಿಕೊಂಡು ಬಂದು ಚಕ್ರದ ಅಂಚಿಗೆ ಬಿಗಿದೆವು. ಶೇಖರವಾಗುವ ಶಕ್ತಿ 80 ಜೂಲಿಗೆ ಏರಿತು, ಕುಸಿತ ಶೇಕಡ 3ರ ಆಸುಪಾಸಿಗೆ ಇಳಿಯಿತು. ಅದೇ ಮೋಟಾರಿನಲ್ಲಿ ಆರಂಭದ ವೇಗ ಹಿಡಿಯಲು ನಾಲ್ಕು ಪಟ್ಟು ಹೊತ್ತು ಬೇಕೆಂಬುದು ನಿಜ. ಆದರೆ ಪಂದ್ಯ ಶುರುವಾದೊಡನೆ ಚಕ್ರವನ್ನು ಓಡಿಸಿಬಿಟ್ಟರೆ ಅದು ತೊಂದರೆಯೇ ಅಲ್ಲ. ದಯವಿಟ್ಟು ನಟ್ಟು ಬೋಲ್ಟುಗಳನ್ನು ಅಂಚಿಗೆ ಅಂಟಿಸಿ ತೂಕ ಕೊಡಲು ಹೋಗಬೇಡಿ. ಆ ವೇಗದಲ್ಲಿ 5 ಗ್ರಾಂನ ನಟ್ಟನ್ನು ಚಕ್ರಕ್ಕೆ ಹಿಡಿದಿಡಲು ಸುಮಾರು 4 ಕಿಲೋ ತೂಕದಷ್ಟು ಬಲ ಬೇಕು, ಮತ್ತು ಅಂಟು ಬಿಟ್ಟರೆ ಅದು ಯಾರ ಮುಖಕ್ಕೆ ಹೋಗುತ್ತದೋ ಹೇಳಲಾಗದು. ಉಂಗುರ ಹಾಕಿದರೂ ಪಾಲಿಕಾರ್ಬೊನೇಟ್ ಕವಚ ಇರಲೇಬೇಕು.

ಪಿಐಡಿ ಎಂಬ ವೇಗ ನಿಯಂತ್ರಣ ವಿಧಾನದ ಮೂರು ಅಂಕಿಗಳನ್ನು ತಿರುಚುತ್ತಾ ರಾತ್ರಿ ಕಳೆಯುವುದರಲ್ಲಿಯೂ ನನಗೆ ನಂಬಿಕೆಯಿಲ್ಲ. ಬೇಕಾದ ವೇಗಕ್ಕೆ ತಗಲುವ ವೋಲ್ಟೇಜನ್ನು ಮೊದಲೇ ಅಳೆದು ನೇರವಾಗಿ ಕೊಡಿ, ವ್ಯತ್ಯಾಸಕ್ಕೆ ತಕ್ಕಂತೆ ಒಂದಿಷ್ಟು ಸೇರಿಸಿ, ಹಿಂದಿನ ವ್ಯತ್ಯಾಸಗಳನ್ನು ಕೂಡಿಡುವ ‘ಐ’ ಭಾಗವನ್ನು ಸೊನ್ನೆಯಾಗಿಯೇ ಬಿಡಿ. ಅದು ಕುಸಿತದ ಹೊತ್ತಿನಲ್ಲಿ ಒಟ್ಟುಗೂಡಿಸಿಕೊಂಡದ್ದನ್ನೆಲ್ಲ ಆಮೇಲೆ ಸುರಿದು, ಮೂರನೆಯ ಚೆಂಡನ್ನು ಬುಟ್ಟಿಯ ಆಚೆಗೆ ಎಸೆಯುತ್ತದೆ. ವೇಗವು ಗುರಿಯ ಶೇಕಡ 2ರೊಳಗೆ ಬರುವವರೆಗೆ ಮುಂದಿನ ಚೆಂಡನ್ನು ತಡೆಹಿಡಿಯುವ, ಸರ್ವೊ (ಬೇಕಾದ ಕೋನಕ್ಕೆ ತಿರುಗಿ ನಿಲ್ಲುವ ಸಣ್ಣ ಮೋಟಾರ್) ನಡೆಸುವ ಒಂದು ಬಾಗಿಲನ್ನೂ ಇಡಿ. ಇಷ್ಟೆಲ್ಲ ಆದ ಮೇಲೆ ಆ ಬಾಗಿಲು ತೀರಾ ಹೆಚ್ಚು ಹೊತ್ತು ಮುಚ್ಚಿಯೇ ಇರುತ್ತದೆ ಎನ್ನಿಸಿದರೆ, ಆಗ ದೊಡ್ಡ ಮೋಟಾರಿನ ಬೆಲೆ ವಿಚಾರಿಸಿ.