ಮಗುವಿನ ಮೆಳ್ಳೆಗಣ್ಣು: ಕನ್ನಡಕ ಮೊದಲೋ, ಆಪರೇಷನ್ ಮೊದಲೋ?

ಪ್ರಶ್ನೆ: ನಮ್ಮ ಮಗಳಿಗೆ ಮೂರೂವರೆ ವರ್ಷ. ಐದಾರು ತಿಂಗಳಿಂದ ಬಲಗಣ್ಣು ಮೂಗಿನ ಕಡೆಗೆ ಹೋಗುತ್ತಿದೆ. ಮೊದಮೊದಲು ಊಟಕ್ಕೆ ಕೂತಾಗ, ಚಿತ್ರದ ಪುಸ್ತಕ ನೋಡುವಾಗ ಮಾತ್ರ ಕಾಣುತ್ತಿತ್ತು, ಈಗ ಹೆಚ್ಚಿನ ಹೊತ್ತೂ ಹಾಗೇ ಇರುತ್ತದೆ. ಉಡುಪಿಯಲ್ಲಿ ಒಬ್ಬರು ಡಾಕ್ಟರು ಮದ್ದು ಹಾಕಿಸಿ ಪರೀಕ್ಷೆ ಮಾಡಿ ಬಲಕ್ಕೆ +5.50, ಎಡಕ್ಕೆ +4.50 ಕನ್ನಡಕ ಬರೆದರು. ಮಂಗಳೂರಿನಲ್ಲಿ ಇನ್ನೊಬ್ಬರು ಆಪರೇಷನ್ ಬೇಕಾದೀತು ಎಂದರು. ಅತ್ತೆಯವರು, "ಏಳು ವರ್ಷ ತುಂಬಲಿ, ತಾನಾಗಿಯೇ ಸರಿಹೋಗುತ್ತದೆ, ಇಷ್ಟು ಸಣ್ಣ ಮಗುವಿಗೆ ಕನ್ನಡಕ ಬೇಡ" ಎನ್ನುತ್ತಾರೆ. ಯಾರ ಮಾತು ಕೇಳಲಿ?
– ಒಬ್ಬ ತಾಯಿ, ಕಾಪು

ಉತ್ತರ: ಕನ್ನಡಕ ಇವತ್ತೇ ಶುರು ಮಾಡಿ. ಆಪರೇಷನ್ ವಿಷಯ ಮೂರು ತಿಂಗಳ ಮೇಲೆ ತೀರ್ಮಾನವಾಗಲಿ.

ನೀವು ಬರೆದ ಎರಡು ಸಂಗತಿಗಳು ಇಲ್ಲಿ ಮುಖ್ಯ. ಹತ್ತಿರದ್ದನ್ನು ನೋಡುವಾಗ ಶುರುವಾದದ್ದು ಒಂದು, ಪ್ಲಸ್ ನಂಬರು ಇಷ್ಟು ದೊಡ್ಡದಿರುವುದು ಇನ್ನೊಂದು. ಪ್ಲಸ್ ಪವರ್ ಇರುವ ಮಗು ಸ್ಪಷ್ಟವಾಗಿ ಕಾಣಬೇಕಾದರೆ ಕಣ್ಣೊಳಗಿನ ಮಸೂರವನ್ನು ಸದಾ ಬಿಗಿಹಿಡಿಯಬೇಕು. ಹೀಗೆ ಬಿಗಿಹಿಡಿಯುವುದಕ್ಕೂ ಎರಡು ಕಣ್ಣುಗಳು ಒಳಕ್ಕೆ ತಿರುಗುವುದಕ್ಕೂ ಮೆದುಳಿನಲ್ಲಿ ನೇರ ಸಂಬಂಧವಿದೆ. ಬಿಗಿ ಹೆಚ್ಚಾದಷ್ಟೂ ಕಣ್ಣು ಒಳಕ್ಕೆ ಸೇರುತ್ತದೆ. ಆ ಕೆಲಸವನ್ನು ಕನ್ನಡಕ ವಹಿಸಿಕೊಂಡರೆ ಕಣ್ಣಿಗೆ ಬಿಗಿಯುವ ಅಗತ್ಯವಿಲ್ಲ, ಒಳಕ್ಕೆ ಎಳೆಯುವ ಕಾರಣವೂ ಹೋಗುತ್ತದೆ. ಎರಡು-ಮೂರು ವರ್ಷದ ಸುಮಾರಿಗೆ ಶುರುವಾಗುವ ಮೆಳ್ಳೆಗಣ್ಣಿನಲ್ಲಿ ಈ ಬಗೆಯದ್ದು ಬಹಳ.

ಇಬ್ಬರು ಡಾಕ್ಟರ ಮಾತೂ ಒಂದಕ್ಕೊಂದು ವಿರುದ್ಧವೆಂದು ತಿಳಿಯಬೇಡಿ. ಪೂರ್ತಿ ಕನ್ನಡಕ ಹಾಕಿದ ಮೇಲೂ ಉಳಿಯುವ ಓರೆಗೆ ಆಪರೇಷನ್ ಬೇಕಾದೀತು ಎಂಬುದು ಎರಡನೆಯವರ ಅಭಿಪ್ರಾಯವಿರಬಹುದು. ಹೌದೋ ಅಲ್ಲವೋ ಅವರನ್ನೇ ಕೇಳಿ. ಅವರಲ್ಲಿಯೂ ಮದ್ದು ಹಾಕಿ ಪರೀಕ್ಷೆ ಆಗಿತ್ತೇ ಎಂಬುದನ್ನೂ ಕೇಳಿ. ಮಕ್ಕಳ ಕಣ್ಣಿಗೆ ಬಿಗಿಯುವ ಶಕ್ತಿ ಎಷ್ಟಿದೆಯೆಂದರೆ, ಮದ್ದಿಲ್ಲದೆ ಮಿಷನ್ನಿನಲ್ಲಿ ನೋಡಿದರೆ +5 ಇರುವ ಕಣ್ಣು +1 ಎಂದು ತೋರಿಸೀತು. ಅದಕ್ಕೇ ಈ ವಯಸ್ಸಿನಲ್ಲಿ ಹೆಚ್ಚಾಗಿ ಅಟ್ರೋಪಿನ್ 1% ಮುಲಾಮನ್ನು ಮೂರು ದಿನ ಮನೆಯಲ್ಲೇ ಹಾಕಿಸಿ ಆಮೇಲೆ ಪರೀಕ್ಷಿಸುತ್ತಾರೆ. ಒಂದು ಅಕ್ಕಿ ಕಾಳಿನಷ್ಟು ಸಾಕು. ಹಾಕಿದ ಮೇಲೆ ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಒಂದೆರಡು ನಿಮಿಷ ಒತ್ತಿಹಿಡಿಯಿರಿ, ಕೈ ತೊಳೆದುಕೊಳ್ಳಿ, ಟ್ಯೂಬನ್ನು ಮಗುವಿನ ಕೈಗೆ ಸಿಗದಂತೆ ಇಡಿ. ಹೊಟ್ಟೆಗೆ ಹೋದರೆ ಅದು ವಿಷ. ಮುಖ ಕೆಂಪೇರಿ ಜ್ವರ ಬಂದರೆ, ಬಾಯಿ ಒಣಗಿದರೆ, ಎದೆ ಬಡಿತ ಜೋರಾದರೆ ಮುಂದಿನ ಸಲದ ಮುಲಾಮು ಹಾಕದೆ ಡಾಕ್ಟರಿಗೆ ಫೋನ್ ಮಾಡಿ. ಕಣ್ಣಿನ ಪಾಪೆ ವಾರ-ಎರಡು ವಾರ ಅಗಲವಾಗಿಯೇ ಇರುತ್ತದೆ, ಬಿಸಿಲಿಗೆ ಟೊಪ್ಪಿ ಹಾಕಿ ಕಳಿಸಿದರಾಯಿತು.

ಕನ್ನಡಕದಲ್ಲಿ ಸೋಲುವುದು ಹೆಚ್ಚಾಗಿ ಫ್ರೇಮಿನಿಂದ. ಸಣ್ಣ ಮಕ್ಕಳ ಮೂಗಿನ ಸೇತುವೆ ಚಪ್ಪಟೆ, ಅದರ ಮೇಲೆ ನಮ್ಮ ಕರಾವಳಿಯ ಬೆವರು. ಫ್ರೇಮು ಜಾರಿ ಮೂಗಿನ ತುದಿಗೆ ಬಂದರೆ ಮಗು ಮೇಲಿಂದ ಇಣುಕಿ ನೋಡುತ್ತದೆ, ಆಗ ಕನ್ನಡಕ ಹಾಕಿಯೂ ಹಾಕದ ಹಾಗೆ. ಪಾಪೆ ಗಾಜಿನ ನಡುವಿಗೆ ಬರಬೇಕು, ಗಾಜಿನ ಮೇಲಂಚು ಹುಬ್ಬಿನ ಮಟ್ಟಕ್ಕಿರಬೇಕು. ಬಾಗುವ ರಬ್ಬರಿನಂಥ ಫ್ರೇಮು, ಹಿಂದಿನಿಂದ ಇಲಾಸ್ಟಿಕ್ ಪಟ್ಟಿ, ಒಡೆಯದ ಪಾಲಿಕಾರ್ಬೊನೇಟ್ ಲೆನ್ಸ್ ಕೇಳಿ ಮಾಡಿಸಿಕೊಳ್ಳಿ. "ಮಗುವಿಗೆ ನಂಬರು ಜಾಸ್ತಿಯಾಯಿತು, ಸ್ವಲ್ಪ ಇಳಿಸೋಣ" ಎಂದು ಅಂಗಡಿಯಲ್ಲಿ ಯಾರಾದರೂ ಹೇಳಿದರೆ ಒಪ್ಪಬೇಡಿ. ಈ ತೊಂದರೆಯಲ್ಲಿ ಪೂರ್ತಿ ನಂಬರೇ ಮದ್ದು.

ಎದ್ದ ಕ್ಷಣದಿಂದ ಮಲಗುವ ತನಕ ಕನ್ನಡಕ ಮುಖದ ಮೇಲಿರಬೇಕು. ಮೊದಲ ವಾರ ಮಗು ಕಿತ್ತೆಸೆದೀತು, ಏಕೆಂದರೆ ಬಿಗಿಹಿಡಿದೇ ಅಭ್ಯಾಸವಾದ ಕಣ್ಣು ಒಮ್ಮೆಲೇ ಸಡಿಲಾಗುವುದಿಲ್ಲ, ಗಾಜಿನ ಹಿಂದೆ ಮಸುಕು ಕಾಣುತ್ತದೆ. ಎರಡು ವಾರವಾದರೂ ಹಠ ಬಿಡದಿದ್ದರೆ ಡಾಕ್ಟರು ಕೆಲವು ದಿನ ಅಟ್ರೋಪಿನ್ ಹಾಕಿಸಿ ಕಣ್ಣನ್ನು ಸಡಿಲಗೊಳಿಸುವುದುಂಟು. ಒಂದು ತಿಂಗಳಾದ ಮೇಲೆ ನಿಮಗೆ ಇನ್ನೊಂದು ಗಾಬರಿ ಬರಬಹುದು: ಸ್ನಾನಕ್ಕೆಂದು ಕನ್ನಡಕ ತೆಗೆದರೆ ಕಣ್ಣು ಮೊದಲಿಗಿಂತ ಹೆಚ್ಚು ಓರೆ ಕಾಣುತ್ತದೆ. ಕನ್ನಡಕ ಕಣ್ಣನ್ನು ಕೆಡಿಸಿತು ಎಂದು ಎಷ್ಟೋ ಮನೆಗಳಲ್ಲಿ ಚಿಕಿತ್ಸೆ ನಿಲ್ಲಿಸುವುದು ಇಲ್ಲೇ. ಕೆಟ್ಟದ್ದು ಏನೂ ಇಲ್ಲ. ಗಾಜು ತೆಗೆದ ಕೂಡಲೇ ಮಗು ಮತ್ತೆ ಬಿಗಿಯುತ್ತದೆ, ಅಷ್ಟೇ.

ಆರರಿಂದ ಎಂಟು ವಾರಕ್ಕೆ ಮರುಪರೀಕ್ಷೆ. ಕನ್ನಡಕದೊಳಗೆ ಕಣ್ಣು ದೂರಕ್ಕೂ ಹತ್ತಿರಕ್ಕೂ ನೇರ ನಿಂತರೆ ಆಪರೇಷನ್ನಿನ ಮಾತೇ ಇಲ್ಲ. ದೂರಕ್ಕೆ ನೇರವಿದ್ದು ಹತ್ತಿರಕ್ಕೆ ಮಾತ್ರ ಒಳಹೋದರೆ ಬೈಫೋಕಲ್ (ದೂರಕ್ಕೊಂದು, ಹತ್ತಿರಕ್ಕೊಂದು ನಂಬರಿರುವ ಗಾಜು) ಯೋಚಿಸಬಹುದು. ಮೂರು ತಿಂಗಳು ಸರಿಯಾಗಿ ಹಾಕಿದ ಮೇಲೂ ಎದ್ದು ಕಾಣುವಷ್ಟು ಓರೆ ಉಳಿದರೆ, ಆ ಉಳಿದಷ್ಟಕ್ಕೆ ಮಾತ್ರ ಆಪರೇಷನ್. ಕನ್ನಡಕವಿಲ್ಲದಾಗಿನ ಓರೆಯನ್ನು ಅಳೆದು ಆಪರೇಷನ್ ಮಾಡಿದರೆ, ಮುಂದೆ ಪ್ಲಸ್ ಕನ್ನಡಕ ಹಾಕಿದ ದಿನ ಅದೇ ಕಣ್ಣು ಹೊರಕ್ಕೆ ತಿರುಗುವ ಅಪಾಯವಿದೆ. ಆಪರೇಷನ್ ಆದರೂ ಪ್ಲಸ್ ಪವರ್ ಹೋಗುವುದಿಲ್ಲ ಎಂಬುದನ್ನೂ ಮೊದಲೇ ತಿಳಿದುಕೊಂಡಿರಿ.

ಅತ್ತೆಯವರ ಮಾತು ಎಲ್ಲಿಂದ ಬಂತು ಎಂದು ಹೇಳಬಲ್ಲೆ. ಕೆಲವು ಕೂಸುಗಳಿಗೆ ಮೂಗಿನ ಸೇತುವೆ ಅಗಲವಾಗಿದ್ದು, ಒಳಮೂಲೆಯ ಬಿಳಿಭಾಗ ಚರ್ಮದ ಮಡಿಕೆಯಲ್ಲಿ ಅಡಗಿ, ಕಣ್ಣು ನೇರವಿದ್ದರೂ ಓರೆ ಕಾಣುತ್ತದೆ. ಮೂಗು ಬೆಳೆದಂತೆ ಅದು ನಿಜವಾಗಿಯೂ ಹೋಗುತ್ತದೆ. ನಿಮ್ಮ ಮಗಳದ್ದು ಅದಲ್ಲ. ಯಾವಾಗಲೂ ಬಲಗಣ್ಣೇ ತಿರುಗುತ್ತಿದೆ, ಆ ಕಣ್ಣಿಗೇ ನಂಬರೂ ಹೆಚ್ಚು. ಮೆದುಳು ಆ ಕಣ್ಣಿನ ಚಿತ್ರವನ್ನು ಬದಿಗಿಟ್ಟು ಎಡಗಣ್ಣಿನಿಂದಲೇ ಕೆಲಸ ನಡೆಸುತ್ತಿರುವ ಸಾಧ್ಯತೆ ಹೆಚ್ಚು. ಇದನ್ನೇ ಸೋಮಾರಿ ಕಣ್ಣು ಎನ್ನುವುದು. ಅದನ್ನು ಸುಲಭವಾಗಿ ಎಬ್ಬಿಸಬಹುದಾದ ವರ್ಷಗಳು ಏಳರ ಒಳಗಿನವು. ಏಳು ತುಂಬಲಿ ಎಂದು ಕಾಯುವುದೆಂದರೆ ಆ ವರ್ಷಗಳನ್ನೇ ಕೈಬಿಟ್ಟಂತೆ.

ಒಂದು ಮಾತನ್ನು ಎಲ್ಲ ಓದುಗರಿಗೂ ಹೇಳಬೇಕು. ಮೆಳ್ಳೆಗಣ್ಣಿನ ಯಾವ ಮಗುವಿಗೇ ಆಗಲಿ, ಪಾಪೆ ಹಿಗ್ಗಿಸಿ ಹಿಂಭಾಗದ ರೆಟಿನಾ ಒಮ್ಮೆ ನೋಡಿಸಲೇಬೇಕು. ಫೋಟೊದಲ್ಲಿ ಅಥವಾ ಮಂದ ಬೆಳಕಿನಲ್ಲಿ ಪಾಪೆ ಬೆಳ್ಳಗೆ ಹೊಳೆದರೆ ಕಣ್ಣಿನ ಗಡ್ಡೆ ಇದ್ದೀತು, ಅದಕ್ಕೆ ವಾರ ಕಾಯುವಂತಿಲ್ಲ. ಕಣ್ಣು ಒಮ್ಮಿಂದೊಮ್ಮೆಲೇ ತಿರುಗಿ ಜೊತೆಗೆ ತಲೆನೋವು, ವಾಂತಿ, ಒಂದು ಎರಡಾಗಿ ಕಾಣುವುದು, ರೆಪ್ಪೆ ಜೋತುಬೀಳುವುದು ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಮಗನಿಗೆ ಎಂಟು ತಿಂಗಳು. ನಾಲ್ಕನೇ ತಿಂಗಳಿಂದ ಎರಡೂ ಕಣ್ಣು ಮೂಗಿಗೆ ಅಂಟಿಕೊಂಡ ಹಾಗೆ ಒಳಗಿವೆ. ನಂಬರು ಬರೇ +1.50. ವರ್ಷ ತುಂಬಿದ ಮೇಲೆ ಆಪರೇಷನ್ ಎಂದಿದ್ದಾರೆ. ಇಷ್ಟು ಎಳೆಯ ಕೂಸಿಗೆ ಪ್ರಜ್ಞೆ ತಪ್ಪಿಸುವುದೆಂದರೆ ಹೆದರಿಕೆ. ಐದು ವರ್ಷಕ್ಕೆ ಮಾಡಿಸಬಾರದೇ?
– ಒಬ್ಬ ತಂದೆ, ಉಳ್ಳಾಲ

ಉತ್ತರ: ಇದು ಮೇಲಿನದಕ್ಕಿಂತ ಬೇರೆಯೇ ಬಗೆ. ಆರು ತಿಂಗಳೊಳಗೆ ಶುರುವಾಗಿ, ಓರೆ ದೊಡ್ಡದಿದ್ದು, ಪವರ್ ಚಿಕ್ಕದಿದ್ದರೆ ಕನ್ನಡಕದಿಂದ ನೇರವಾಗುವ ಭರವಸೆ ಕಡಿಮೆ. ಎರಡು ವರ್ಷದೊಳಗೆ ನೇರ ಮಾಡಿದರೆ ಎರಡು ಕಣ್ಣು ಸೇರಿಸಿ ನೋಡುವ, ದೂರ-ಹತ್ತಿರ ಅಳೆಯುವ ಸಾಮರ್ಥ್ಯ ಸ್ವಲ್ಪವಾದರೂ ಬೆಳೆಯಲು ಅವಕಾಶವಿದೆ. ಐದು ವರ್ಷಕ್ಕೆ ಮಾಡಿದರೆ ಮುಖ ಚೆಂದವಾದೀತು, ಆ ಸಾಮರ್ಥ್ಯ ಬರುವ ಆಸೆ ಬಹಳ ಕಡಿಮೆ. ಆದ್ದರಿಂದ ನಿಮ್ಮ ಡಾಕ್ಟರು ಹೇಳಿದ ಸಮಯ ಸರಿಯಾಗಿದೆ. ಅಷ್ಟರೊಳಗೆ ಒಂದು ಕಣ್ಣು ಸೋಮಾರಿಯಾಗಿದ್ದರೆ ಚೆನ್ನಾಗಿ ಕಾಣುವ ಕಣ್ಣಿಗೆ ಪಟ್ಟಿ ಕಟ್ಟಿ ಅದನ್ನು ಮೊದಲು ಸರಿಮಾಡಿಕೊಳ್ಳುತ್ತಾರೆ.

ಆಪರೇಷನ್ನಿನಲ್ಲಿ ಕಣ್ಣುಗುಡ್ಡೆಯನ್ನು ಹೊರತೆಗೆಯುವುದಿಲ್ಲ. ಈ ಭಯ ಊರಲ್ಲಿ ಇನ್ನೂ ಇದೆ. ಪ್ರತಿ ಕಣ್ಣಿಗೆ ಹೊರಗಿನಿಂದ ಆರು ಸ್ನಾಯುಗಳು ಅಂಟಿಕೊಂಡಿರುತ್ತವೆ. ಬಿಳಿಭಾಗದ ಮೇಲಿನ ತೆಳುಪೊರೆಯನ್ನು ಸ್ವಲ್ಪ ಬಿಡಿಸಿ, ಮೂಗಿನ ಕಡೆಯ ಸ್ನಾಯುವನ್ನು ಅದರ ಜಾಗದಿಂದ ಬಿಡಿಸಿ, ಸಾಮಾನ್ಯವಾಗಿ 5-6 ಮಿ.ಮೀ. ಹಿಂದಕ್ಕೆ ಹೊಲಿಯುತ್ತಾರೆ. ಎಳೆತ ಕಡಿಮೆಯಾಗಿ ಕಣ್ಣು ನಡುವಿಗೆ ಬರುತ್ತದೆ. ಹೊಲಿಗೆ ತಾನೇ ಕರಗುತ್ತದೆ. ಎರಡೂ ಕಣ್ಣಿಗೆ ಸೇರಿ ಒಂದು ಗಂಟೆಯ ಆಸುಪಾಸು, ಹೆಚ್ಚಾಗಿ ಅದೇ ದಿನ ಮನೆಗೆ.

ಅರಿವಳಿಕೆಯ ಅಪಾಯ ಸೊನ್ನೆಯಲ್ಲ, ಆದರೆ ಬಹಳಷ್ಟು ನಿಮ್ಮ ಕೈಯಲ್ಲಿದೆ. ಪುಡಿಹಾಲು, ದನದ ಹಾಲು, ಗಂಜಿ 6 ಗಂಟೆ ಮೊದಲು ನಿಲ್ಲಿಸಬೇಕು, ತಾಯಿಹಾಲು 4 ಗಂಟೆ, ನೀರು 2 ಗಂಟೆ. ಕೂಸು ಅತ್ತಿತೆಂದು ಯಾರಾದರೂ ಒಂದು ಚಮಚ ಹಾಲು ಕೊಟ್ಟಿದ್ದರೆ ಮುಚ್ಚಿಡದೆ ಹೇಳಿ, ಆಪರೇಷನ್ ಮುಂದೂಡಿದರೆ ನಷ್ಟವಿಲ್ಲ. ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಶೀತ-ಕೆಮ್ಮು ಇದ್ದರೂ ಹಾಗೆಯೇ, ವಾಸಿಯಾದ ಮೇಲೂ ಎರಡರಿಂದ ನಾಲ್ಕು ವಾರ ಉಸಿರುನಾಳ ಸೂಕ್ಷ್ಮವಾಗಿರುತ್ತದೆ. ಜೂನ್-ಜುಲೈ ಮಳೆಗೆ ನಮ್ಮಲ್ಲಿ ಕೂಸುಗಳಿಗೆ ಶೀತ ಬಿಡುವುದೇ ಇಲ್ಲವಾದ್ದರಿಂದ, ಆಯ್ಕೆ ಇದ್ದರೆ ಮಳೆ ಕಳೆದ ಮೇಲಿನ ತಾರೀಕು ತೆಗೆದುಕೊಳ್ಳಿ. ಕುಟುಂಬದಲ್ಲಿ ಯಾರಿಗಾದರೂ ಅರಿವಳಿಕೆಯಿಂದ ವಿಪರೀತ ಜ್ವರ, ಸ್ನಾಯು ಬಿಗಿತ ಬಂದದ್ದಿದ್ದರೆ ಅದನ್ನು ಅರಿವಳಿಕೆ ಡಾಕ್ಟರಿಗೆ ಮೊದಲೇ ತಿಳಿಸಿ.

ಮೊದಲ ದಿನ ಕಣ್ಣೀರು ಗುಲಾಬಿ ಬಣ್ಣವಾಗಿರುತ್ತದೆ, ವಾಂತಿಯೂ ಆಗಬಹುದು. ಬಿಳಿಭಾಗದ ಕೆಂಪು ಎರಡು-ಮೂರು ವಾರ ಇರುತ್ತದೆ. ತಲೆಗೆ ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುವ ಕ್ರಮವನ್ನು ಎರಡು ವಾರ ಬಿಟ್ಟು ಕತ್ತಿನಿಂದ ಕೆಳಗೆ ಸ್ನಾನ ಮಾಡಿಸಿ. ಸಮುದ್ರ, ಕೆರೆ ಒಂದು ತಿಂಗಳು ಬೇಡ. ರೆಪ್ಪೆ ಊದುತ್ತಾ ಹೋದರೆ, ಕೀವು ಬಂದರೆ, ನೋವು ಇಳಿಯುವ ಬದಲು ಏರಿದರೆ, ಕಣ್ಣು ಒಂದು ದಿಕ್ಕಿಗೆ ತಿರುಗದೇ ಹೋದರೆ ಆ ದಿನವೇ ತೋರಿಸಿ. ಐದರಲ್ಲಿ ಒಂದು ಮಗುವಿಗೆ, ಕೆಲವೊಮ್ಮೆ ಇನ್ನೂ ಹೆಚ್ಚು ಮಕ್ಕಳಿಗೆ, ಮುಂದೆ ಎರಡನೇ ಆಪರೇಷನ್ ಬೇಕಾಗುತ್ತದೆ. ಸಹಿ ಹಾಕುವ ಮೊದಲೇ ಇದು ಗೊತ್ತಿದ್ದರೆ ಆಮೇಲೆ ಯಾರ ಮೇಲೂ ಬೇಸರ ಬರುವುದಿಲ್ಲ.

ಪ್ರಶ್ನೆ: ಮೊಮ್ಮಗನಿಗೆ ಐದೂವರೆ. ಕನ್ನಡಕ ಹಾಕಿ ನಾಲ್ಕು ತಿಂಗಳಾದರೂ ಎಡಗಣ್ಣಿನ ದೃಷ್ಟಿ 6/24. ದಿನಕ್ಕೆ ಎರಡು ಗಂಟೆ ಪ್ಯಾಚ್ (ಕಣ್ಣು ಮುಚ್ಚುವ ಅಂಟುಪಟ್ಟಿ) ಹೇಳಿದ್ದಾರೆ. ಬೆವರಿಗೆ ನಿಲ್ಲುವುದಿಲ್ಲ, ಅವನೂ ಕೀಳುತ್ತಾನೆ. ಒಂದು ತಿಂಗಳು ಹಾಕಿದರೂ ಓರೆ ಹಾಗೇ ಇದೆ.
– ಒಬ್ಬ ಅಜ್ಜ, ಬಜ್ಪೆ

ಉತ್ತರ: ಪ್ಯಾಚ್ ಹಾಕುವುದು ದೃಷ್ಟಿ ಬರಲು, ಕಣ್ಣು ನೇರವಾಗಲು ಅಲ್ಲ. ಹಾಗಾಗಿ ಓರೆ ನೋಡಿ ಅಳೆಯಬೇಡಿ, 6/24 ಇದ್ದದ್ದು 6/18, 6/12ಕ್ಕೆ ಬಂತೇ ಎಂದು ನೋಡಿ (ಕೆಳಗಿನ ಅಂಕಿ ಇಳಿದಷ್ಟೂ ದೃಷ್ಟಿ ಚೆನ್ನ, 6/6 ಎಂದರೆ ಸಾಮಾನ್ಯ ದೃಷ್ಟಿ). ಅಂಟಿಸಬೇಕಾದದ್ದು ಚೆನ್ನಾಗಿ ಕಾಣುವ ಬಲಗಣ್ಣಿಗೆ, ಕನ್ನಡಕದ ಗಾಜಿಗಲ್ಲ, ಚರ್ಮಕ್ಕೇ. ಗಾಜಿಗೆ ಅಂಟಿಸಿದರೆ ಬದಿಯಿಂದ ಇಣುಕುತ್ತಾನೆ. ಮೇಲೆ ಕನ್ನಡಕ ಇರಲಿ.

ಎರಡು ಗಂಟೆ ಕಡಿಮೆಯಾಯಿತು ಎಂಬ ಅನುಮಾನ ಬೇಡ. ಏಳು ವರ್ಷದೊಳಗಿನ, ಇಂಥದೇ ಮಧ್ಯಮ ಮಟ್ಟದ ಸೋಮಾರಿ ಕಣ್ಣಿನ ಮಕ್ಕಳಲ್ಲಿ ಎರಡು ಗಂಟೆಯ ಪ್ಯಾಚ್ ಆರು ಗಂಟೆಯದ್ದರಷ್ಟೇ ಕೆಲಸ ಮಾಡಿತೆಂದು 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಆದರೆ ಆ ಎರಡು ಗಂಟೆ ಕಣ್ಣಿಗೆ ಹತ್ತಿರದ ಕೆಲಸ ಸಿಗಬೇಕು. ಮನೆಯಲ್ಲಿ ಚೆನ್ನೆಮಣೆ ಇದ್ದರೆ ಕೆಳಗಿಳಿಸಿ, ಹದಿನಾಲ್ಕು ಗುಳಿಗೆ ಒಂದೊಂದೇ ಬೀಜ ಬಿಡುತ್ತಾ ಹೋಗುವ ಆಟ ಇದಕ್ಕೆ ಹೇಳಿ ಮಾಡಿಸಿದಂತಿದೆ, ಆಟವಾಡುವ ರೂಢಿಯಿರುವ ಆಟಿ (ಆಷಾಢ) ತಿಂಗಳಿಗೆ ಕಾಯಬೇಕಿಲ್ಲ. ಹುಣಸೆ ಬೀಜ ಸಾಕು. ಗುಲಗಂಜಿ ಮಾತ್ರ ಬೇಡ, ಅದು ವಿಷ. ಅಕ್ಕಿಯಲ್ಲಿ ಕಲ್ಲು ಆರಿಸುವುದು, ಚುಕ್ಕಿ ಸೇರಿಸುವುದು, ಬಣ್ಣ ತುಂಬುವುದೂ ಆಗುತ್ತದೆ.

ಬೆವರಿನ ವಿಷಯ: ಮುಖಕ್ಕೆ ತೆಂಗಿನೆಣ್ಣೆ, ಪೌಡರ್, ಕ್ರೀಮ್ ಇದ್ದರೆ ಯಾವ ಪ್ಯಾಚೂ ನಿಲ್ಲದು. ಶಾಲೆಯಿಂದ ಬಂದ ಮೇಲೆ ಮುಖ ತೊಳೆಸಿ, ಪೂರ್ತಿ ಒರೆಸಿ, ಫ್ಯಾನಿನ ಕೆಳಗೆ ಕೂರಿಸಿ ಅಂಟಿಸಿ. ತೆಗೆಯುವಾಗ ಅಂಚಿಗೆ ಒದ್ದೆ ಹತ್ತಿ ಒತ್ತಿ ಮೆಲ್ಲ ಬಿಡಿಸಿ, ಚರ್ಮ ಕೆಂಪಾಗಿದ್ದರೆ ಅವನು ಮಾರನೇ ದಿನ ಬಿಡುವುದಿಲ್ಲ. ಪ್ಯಾಚ್ ಇರುವಾಗ ಅಂಗಳ ದಾಟಿ ರಸ್ತೆಗೆ ಬಿಡಬೇಡಿ, ಅವನಿಗೆ ಆಗ ಕಡಿಮೆ ಕಾಣುತ್ತದೆ. ಏನು ಮಾಡಿದರೂ ಒಗ್ಗದಿದ್ದರೆ ಶನಿವಾರ-ಭಾನುವಾರ ಬಲಗಣ್ಣಿಗೆ ಅಟ್ರೋಪಿನ್ ಹನಿ ಹಾಕಿ ಮಸುಕು ಮಾಡುವ ದಾರಿಯೂ ಇದೆ, ಫಲ ಸುಮಾರು ಪ್ಯಾಚಿನಷ್ಟೇ. ಡಾಕ್ಟರು ಬರೆದುಕೊಟ್ಟರೆ ಮಾತ್ರ. ಪ್ರತಿ ಆರೆಂಟು ವಾರಕ್ಕೆ ಎರಡೂ ಕಣ್ಣಿನ ಪರೀಕ್ಷೆ ಆಗಲಿ. ಸುಧಾರಿಸಿತೆಂದು ನಿಲ್ಲಿಸಿದವರಲ್ಲಿ ನಾಲ್ವರಲ್ಲಿ ಸುಮಾರು ಒಬ್ಬರಿಗೆ ವರ್ಷದೊಳಗೆ ದೃಷ್ಟಿ ಮತ್ತೆ ಇಳಿಯುತ್ತದೆ, ಆದ್ದರಿಂದ ನಿಂತ ಮೇಲೂ ತೋರಿಸುತ್ತಿರಿ.

ಪ್ರಶ್ನೆ: ನಾಲ್ಕು ವರ್ಷದ ಮಗಳು ಮಲ್ಪೆ ಬೀಚಿನ ಬಿಸಿಲಲ್ಲಿ ಒಂದು ಕಣ್ಣು ಮುಚ್ಚುತ್ತಾಳೆ. ಸಂಜೆ ದಣಿದಾಗ ಒಂದು ಕಣ್ಣು ಹೊರಕ್ಕೆ ಹೋಗಿ, ಕರೆದರೆ ಸರಿಯಾಗುತ್ತದೆ. ಆಪರೇಷನ್ ಬೇಕೇ? ಸರಕಾರದ ಸಹಾಯ ಸಿಗುತ್ತದೆಯೇ?
– ಒಬ್ಬ ತಾಯಿ, ಉಡುಪಿ

ಉತ್ತರ: ಬಂದು ಹೋಗುವ ಹೊರಓರೆ ಇದು, ಅವಸರವಿಲ್ಲ. ಮೊದಲು ಪವರ್ ಪರೀಕ್ಷೆ ಆಗಲಿ. ಆಮೇಲೆ ದಿನಕ್ಕೆ ಎಷ್ಟು ಸಲ ಹೋಗುತ್ತದೆ, ಕಣ್ಣು ಮಿಟುಕಿಸಿದ ಕೂಡಲೇ ಮರಳುತ್ತದೆಯೇ ಎಂದು ತಿಂಗಳಿಗೊಂದು ವಾರ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮೊಬೈಲಿನಲ್ಲಿ ವಿಡಿಯೊ ತೆಗೆದಿಡಿ. ಆಸ್ಪತ್ರೆಯಲ್ಲಿ ಮಗು ಎಚ್ಚರದಿಂದಿದ್ದು ಕಣ್ಣು ನೇರವೇ ಕಾಣುವುದರಿಂದ ಈ ವಿಡಿಯೊ ಡಾಕ್ಟರಿಗೆ ಬಹಳ ಉಪಯೋಗ. ಎಚ್ಚರವಿದ್ದ ಹೊತ್ತಿನ ಅರ್ಧಕ್ಕಿಂತ ಹೆಚ್ಚು ಹೊರಗೇ ಇರತೊಡಗಿದರೆ, ಅಥವಾ ದೂರ-ಹತ್ತಿರ ಅಳೆಯುವ ಪರೀಕ್ಷೆಯಲ್ಲಿ ಇಳಿಕೆ ಕಂಡರೆ ಆಪರೇಷನ್ ಯೋಚಿಸಬೇಕು.

ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತೋರಿಸಿ ಚೀಟಿ ಬರೆಸಿಕೊಳ್ಳಿ. ಆಯುಷ್ಮಾನ್ ಕಾರ್ಡ್, ಪಡಿತರ ಚೀಟಿ, ಮಗುವಿನ ಆಧಾರ್ ಹಿಡಿದು ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ, ಮಂಗಳೂರಿನವರಾದರೆ ವೆನ್‌ಲಾಕ್ ಸರಕಾರಿ ಆಸ್ಪತ್ರೆಯಲ್ಲಿ. ಖಾಸಗಿ ವಿಮೆ ಇದ್ದರೆ ಸೌಂದರ್ಯದ ಆಪರೇಷನ್ ಎಂದು ತಳ್ಳಿಹಾಕಬಹುದು, ಅದಕ್ಕೆ ರೋಗದ ಹೆಸರು, ಓರೆಯ ಅಳತೆ, ಎರಡೂ ಕಣ್ಣು ಸೇರಿಸಿ ನೋಡುವ ಶಕ್ತಿ ಕುಗ್ಗಿದೆ ಎಂಬುದನ್ನು ಡಾಕ್ಟರಿಂದ ಬರೆಸಿಕೊಂಡು ಮುಂಚಿತ ಒಪ್ಪಿಗೆ ಕೇಳಿ.