‘ಎಲ್ಲಾ ಸೇರಿದೆ’ ಅಂದರೆ ಏನೇನು ಸೇರಿದೆ?

ಪ್ರವಾಸದ ಖರ್ಚು-ವೆಚ್ಚ: ಓದುಗರ ಪ್ರಶ್ನೆಗಳು. ಈ ಸಂಚಿಕೆಯಲ್ಲಿ ಮಾಲ್ಡೀವ್ಸ್. ಅಲ್ಲಿನ ರೆಸಾರ್ಟ್ ಒಂದರ ಫ್ರಂಟ್ ಆಫೀಸಿನಲ್ಲಿ ಹಲವು ವರ್ಷ ಕೆಲಸ ಮಾಡಿದವರು ಉತ್ತರಿಸಿದ್ದಾರೆ.

ಪ್ರಶ್ನೆ: ಮುಂದಿನ ತಿಂಗಳು ನಾನೂ ನನ್ನ ಹೆಂಡತಿಯೂ ಮಾಲ್ಡೀವ್ಸ್‌ಗೆ ಹೊರಟಿದ್ದೇವೆ. ರೆಸಾರ್ಟ್‌ನಲ್ಲಿ ನಾಲ್ಕು ರಾತ್ರಿ. ‘ಎಲ್ಲಾ ಸೇರಿದೆ, ಕೈಯಲ್ಲಿ ದುಡ್ಡೇ ಬೇಡ’ ಅಂತಾರೆ ಏಜೆಂಟರು. ‘ಟಿಪ್ಸ್ ಕೊಡದಿದ್ದರೆ ಅಲ್ಲಿ ಯಾರೂ ಕ್ಯಾರೇ ಅನ್ನಲ್ಲ’ ಅಂತಾರೆ ಹೋಗಿ ಬಂದ ಭಾವ. ಯಾರ ಮಾತು ಕೇಳಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಭಾವನವರ ಮಾತು ಬಿಟ್ಟುಬಿಡಿ. ಏಜೆಂಟರ ಮಾತನ್ನು ಬರವಣಿಗೆಯಲ್ಲಿ ಇಸಿದುಕೊಳ್ಳಿ.

ವೋಚರ್ ಕೈಗೆ ಬಂದ ಕೂಡಲೇ ವಿಮಾನ ನಿಲ್ದಾಣದಿಂದ ದ್ವೀಪಕ್ಕೆ ಕರೆದೊಯ್ಯುವ ಸ್ಪೀಡ್‌ಬೋಟ್ ಅಥವಾ ಸೀಪ್ಲೇನ್ ಬಾಡಿಗೆ ಅದರಲ್ಲಿ ಇದೆಯೇ ನೋಡಿ. ಹೋಗಿ ಬರುವ ಎರಡೂ ದಾರಿಗೆ ಇದೆಯೇ ಎಂದೂ ನೋಡಿ. ಆಮೇಲೆ ಗ್ರೀನ್ ಟ್ಯಾಕ್ಸ್, ಅಂದರೆ ಪ್ರವಾಸಿಗರು ಅಲ್ಲಿನ ಸರ್ಕಾರಕ್ಕೆ ಕಟ್ಟುವ ಪರಿಸರ ತೆರಿಗೆ. 2025ರ ಜನವರಿಯಿಂದ ರೆಸಾರ್ಟ್‌ಗಳಲ್ಲಿ ತಲೆಗೆ, ರಾತ್ರಿಗೆ 12 ಡಾಲರ್. ನೀವಿಬ್ಬರು, ನಾಲ್ಕು ರಾತ್ರಿ, ಅಲ್ಲಿಗೆ 96 ಡಾಲರ್ ಆಯಿತು. ಇದು ಪ್ಯಾಕೇಜಿನಲ್ಲಿ ಇಲ್ಲದಿದ್ದರೆ ಹೊರಡುವಾಗ ಕೌಂಟರಿನಲ್ಲಿ ಕಟ್ಟಲೇಬೇಕು, ಚೌಕಾಸಿ ನಡೆಯುವುದಿಲ್ಲ.

ಇನ್ನು ಮೆನುವಿನಲ್ಲಿ ಬೆಲೆಯ ಪಕ್ಕ ಎರಡು ಪ್ಲಸ್ ಗುರುತು ಕಾಣುತ್ತವೆ. ಮೊದಲನೆಯದು ಸರ್ವಿಸ್ ಚಾರ್ಜ್, ಶೇಕಡಾ 10. ಎರಡನೆಯದು ಪ್ರವಾಸೋದ್ಯಮದ ಜಿಎಸ್‌ಟಿ, 2025ರ ಜುಲೈನಿಂದ ಶೇಕಡಾ 17. ತೆರಿಗೆ ಬೀಳುವುದು ಸರ್ವಿಸ್ ಚಾರ್ಜ್ ಸೇರಿಸಿದ ಮೊತ್ತದ ಮೇಲೆ. ಹಾಗಾಗಿ 100 ಡಾಲರ್ ಅಂತ ಬರೆದ ಊಟ ಬಿಲ್ಲಿನಲ್ಲಿ 128 ಡಾಲರ್ 70 ಸೆಂಟ್ಸ್ ಆಗಿರುತ್ತದೆ. ಚೆಕ್‌ಔಟ್‌ನ ಹಿಂದಿನ ರಾತ್ರಿ ನಾವು ಬಾಗಿಲ ಸಂದಿಯಲ್ಲಿ ಬಿಲ್ ತೂರಿಸಿ ಬರುತ್ತಿದ್ದೆವು. ಬೆಳಿಗ್ಗೆ ಆ ಹಾಳೆ ಹಿಡಿದು ಬರುವವರ ನಡಿಗೆ ನೋಡಿದರೇ ಸಾಕು, ಆ ಪ್ಲಸ್‌ಗಳನ್ನು ಗಮನಿಸದೆ ಉಂಡವರು ಯಾರೆಂದು ತಿಳಿಯುತ್ತಿತ್ತು. ನೀವು ಅಷ್ಟು ಹೊತ್ತು ಕಾಯಬೇಡಿ. ಎರಡನೇ ದಿನವೇ ರಿಸೆಪ್ಷನ್‌ಗೆ ಹೋಗಿ ಅಲ್ಲಿಯವರೆಗಿನ ಬಿಲ್ ಕೇಳಿ. ಸಂತೋಷದಿಂದ ಪ್ರಿಂಟ್ ಮಾಡಿ ಕೊಡುತ್ತಾರೆ. ಬೇರೆ ರೂಮಿನ ಜ್ಯೂಸು ನಿಮ್ಮ ಲೆಕ್ಕಕ್ಕೆ ಬಿದ್ದಿದ್ದರೆ ಸಹಿ ಮಾಡಿದ ಚೀಟಿ ತೆಗೆದು ಸರಿಪಡಿಸಲು ಆಗ ಸಮಯವಿರುತ್ತದೆ. ದೋಣಿ ಹೊರಡಲು ಹತ್ತು ನಿಮಿಷ ಇರುವಾಗ ಯಾರಿಗೂ ಪುರುಸೊತ್ತಿರುವುದಿಲ್ಲ.

ಈಗ ಟಿಪ್ಸ್. ಆ ಶೇಕಡಾ 10 ಮಾಲೀಕರ ಜೇಬಿಗೆ ಹೋಗುವ ದುಡ್ಡಲ್ಲ, ನೌಕರರಿಗೆ ಹಂಚಬೇಕೆಂದು ಅಲ್ಲಿ ಕಾನೂನೇ ಇದೆ. ಆದ್ದರಿಂದ ಏನೂ ಕೊಡದೆ ಬಂದರೂ ನೀವು ಜಿಪುಣರಾಗುವುದಿಲ್ಲ. ಅದರ ಮೇಲೆ ಕೊಡುವುದು ನಿಮ್ಮ ಖುಷಿ. ಕೊಡುವುದಾದರೆ ನನ್ನ ಲೆಕ್ಕ ಇಷ್ಟು: ರೂಮ್ ಬಾಯ್‌ಗೆ ದಿನಕ್ಕೆ ಎರಡು ಮೂರು ಡಾಲರ್, ಲಗೇಜ್ ತಂದುಕೊಟ್ಟವರಿಗೆ ಒಂದೆರಡು. ಬಹಳಷ್ಟು ರೆಸಾರ್ಟ್‌ಗಳಲ್ಲಿ ಬಂದ ದಿನದಿಂದ ಹೋಗುವ ದಿನದವರೆಗೆ ಒಬ್ಬನೇ ವೇಟರ್ ನಿಮ್ಮ ಟೇಬಲ್ ನೋಡಿಕೊಳ್ಳುತ್ತಾನೆ. ನಾಲ್ಕು ದಿನಕ್ಕೆ ಅವನಿಗೆ ಹತ್ತು ಹದಿನೈದು ಡಾಲರ್ ಕೊಟ್ಟರೆ ಗೌರವದ ಮೊತ್ತ. ಸ್ನಾರ್ಕ್ಲಿಂಗ್‌ಗೆ ಕರೆದೊಯ್ದವನು ನಿಮ್ಮ ಹೆಂಡತಿಯ ನೀರಿನ ಭಯ ಬಿಡಿಸಿದ್ದರೆ ಅವನಿಗೂ ಐದು ಡಾಲರ್ ಇರಲಿ. ಇದಕ್ಕಿಂತ ಹೆಚ್ಚು ಕೊಡಲೇಬೇಕು ಅನ್ನುವವರು ಸುಮ್ಮನೆ ಜಂಬ ಹೊಡೆಯುತ್ತಿದ್ದಾರೆ ಅಂತಲೇ ತಿಳಿಯಿರಿ.

ಎಷ್ಟು ಅನ್ನುವುದಕ್ಕಿಂತ ಹೇಗೆ ಕೊಡುತ್ತೀರಿ ಅನ್ನುವುದರಲ್ಲೇ ಹೆಚ್ಚಿನವರು ಎಡವುವುದು. ಮೇಜಿನ ಮೇಲೆ ಬರೀ ನೋಟು ಇಟ್ಟು ಹೋದರೆ ನಮ್ಮ ರೂಮ್ ಬಾಯ್‌ಗಳು ಅದನ್ನು ಮುಟ್ಟುತ್ತಿರಲಿಲ್ಲ. ಅತಿಥಿ ಮರೆತು ಬಿಟ್ಟ ದುಡ್ಡು ಅಂತಾದರೆ ಕೆಲಸಕ್ಕೇ ಕುತ್ತು. ಸೂಪರ್‌ವೈಸರ್‌ನನ್ನು ಕರೆದು, ಪುಸ್ತಕದಲ್ಲಿ ಬರೆಸಿ, ಲಾಸ್ಟ್ ಆ್ಯಂಡ್ ಫೌಂಡ್‌ಗೆ ಕೊಟ್ಟುಬಿಡುತ್ತಿದ್ದರು. ನೀವು ಕೈಗೇ ಕೊಡಿ. ಇಲ್ಲವೇ ರೂಮಿನ ನೋಟ್‌ಪ್ಯಾಡಿನ ಹಾಳೆಯಲ್ಲಿ ಅವನ ಹೆಸರೂ ‘ಥ್ಯಾಂಕ್ಯೂ’ ಎಂದೂ ಬರೆದು ಮಡಿಸಿ ದಿಂಬಿನ ಮೇಲಿಡಿ. ಕೊನೆಯ ದಿನಕ್ಕೆ ಅಂತ ಕೂಡಿಡಬೇಡಿ. ಅವತ್ತು ಅವನಿಗೆ ರಜೆ ಇದ್ದು ಬೇರೆಯವನು ಬಂದಿರಬಹುದು. ಅಡುಗೆಮನೆ, ಲಾಂಡ್ರಿ, ತೋಟದವರು ನಿಮ್ಮ ಕಣ್ಣಿಗೇ ಬೀಳುವುದಿಲ್ಲ. ಅವರಿಗೂ ತಲುಪಲಿ ಅನ್ನಿಸಿದರೆ ರಿಸೆಪ್ಷನ್‌ನಲ್ಲಿ ಟಿಪ್ ಬಾಕ್ಸ್ ಇದೆಯೇ ಕೇಳಿ.

ಇದಕ್ಕೆಲ್ಲ ಒಂದು, ಐದರ ಡಾಲರ್ ನೋಟುಗಳನ್ನು ಊರಿನಿಂದಲೇ ಒಯ್ಯಿರಿ. ರೆಸಾರ್ಟ್ ದ್ವೀಪದಲ್ಲಿ ಸಾಮಾನ್ಯವಾಗಿ ಬ್ಯಾಂಕ್ ಇರುವುದಿಲ್ಲ, ಎಟಿಎಂ ಇರುವುದಿಲ್ಲ. ಎಲ್ಲರೂ ನೂರರ ನೋಟು ಹಿಡಿದು ಚಿಲ್ಲರೆಗೆ ಬಂದರೆ ಕೌಂಟರಿನವನು ಎಲ್ಲಿಂದ ತರಬೇಕು? ಹರಿದ, ಪೆನ್ನಿನ ಗೀಚು ಇರುವ ನೋಟನ್ನು ಕೊಡಬೇಡಿ, ಬ್ಯಾಂಕಿನವರು ತೆಗೆದುಕೊಳ್ಳದೆ ಆ ಹುಡುಗ ಪೇಚಾಡುತ್ತಾನೆ. ವಿದೇಶಿ ನಾಣ್ಯವೂ ಅಷ್ಟೇ, ಅಲ್ಲಿ ಬದಲಾಗದು.

ಪ್ರಶ್ನೆ: ನಾವು ರೆಸಾರ್ಟ್‌ಗೆ ಹೋಗುತ್ತಿಲ್ಲ, ಮಾಫುಶಿ ದ್ವೀಪದ ಗೆಸ್ಟ್‌ಹೌಸ್‌ನಲ್ಲಿ ಇರುತ್ತೇವೆ. ಡಾಲರ್ ಸಾಕೇ? ಅಲ್ಲಿಯ ರೂಫಿಯಾ ಬೇಕೇ? ಕಾರ್ಡ್ ನಡೆಯುತ್ತದೆಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ಮೂರೂ ಬೇಕು. ಗೆಸ್ಟ್‌ಹೌಸ್, ಡೈವಿಂಗ್ ಟ್ರಿಪ್ಪಿನ ಲೆಕ್ಕ ಸಾಮಾನ್ಯವಾಗಿ ಡಾಲರ್‌ನಲ್ಲಿರುತ್ತದೆ. ಐವತ್ತಕ್ಕಿಂತ ಕಡಿಮೆ ರೂಮಿನ ಗೆಸ್ಟ್‌ಹೌಸ್ ಆದರೆ ಗ್ರೀನ್ ಟ್ಯಾಕ್ಸ್ 6 ಡಾಲರ್ ಮಾತ್ರ. ಜನ ಓಡಾಡುವ ಫೆರಿ, ಅಂಗಡಿ, ಟೀ ಕುಡಿಯುವ ಜಾಗಕ್ಕೆ ರೂಫಿಯಾ ಲೇಸು. ಅಧಿಕೃತ ದರ ಡಾಲರಿಗೆ 15.42ರ ಆಸುಪಾಸು. ಅಂಗಡಿಯವರು ಡಾಲರ್ ತೆಗೆದುಕೊಂಡರೂ 15ರ ಲೆಕ್ಕ ಹಿಡಿದು ಚಿಲ್ಲರೆಯನ್ನು ರೂಫಿಯಾದಲ್ಲೇ ಕೊಡುವುದುಂಟು.

ವಿಮಾನ ನಿಲ್ದಾಣದಲ್ಲಿ ಸ್ವಲ್ಪವೇ ಬದಲಾಯಿಸಿ, ರಸೀದಿ ಬಿಸಾಡಬೇಡಿ. ಉಳಿದ ರೂಫಿಯಾವನ್ನು ಮತ್ತೆ ಡಾಲರ್ ಮಾಡಿಸಲು ಅದನ್ನು ಕೇಳಬಹುದು, ಮತ್ತು ರೂಫಿಯಾ ಆ ದೇಶ ದಾಟಿದರೆ ಬರೀ ಬಣ್ಣದ ಕಾಗದ. ಬೀದಿಯಲ್ಲಿ ಯಾರೋ ಇನ್ನೂ ಒಳ್ಳೆ ರೇಟು ಅಂತ ಕರೆದರೆ ಹೋಗಬೇಡಿ. ಅಲ್ಲಿ ಡಾಲರಿಗೆ ಅಭಾವವಿದೆ, ಅದಕ್ಕೇ ಆ ಕರೆ. ಆದರೆ ಅದು ಕಾನೂನು ಒಪ್ಪದ ವ್ಯವಹಾರ. ಶುಕ್ರವಾರ, ಶನಿವಾರ ಬ್ಯಾಂಕ್ ರಜೆ ಅನ್ನುವುದನ್ನೂ ನೆನಪಿಟ್ಟುಕೊಳ್ಳಿ.

ಕಾರ್ಡಿನ ವಿದೇಶಿ ಬಳಕೆಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಹೊರಡುವ ಮೊದಲೇ ಆನ್ ಮಾಡಿಕೊಳ್ಳಿ. ಉಜ್ಜುವಾಗ ಮೆಷಿನ್ ‘ಭಾರತದ ರೂಪಾಯಿಯಲ್ಲಿ ಕಟ್ಟುತ್ತೀರಾ?’ ಅಂತ ಬಹಳ ವಿನಯದಿಂದ ಕೇಳುತ್ತದೆ. ಬೇಡ ಅನ್ನಿ, ಬಿಲ್ ಯಾವ ಹಣದಲ್ಲಿದೆಯೋ ಅದನ್ನೇ ಒತ್ತಿ. ರೂಪಾಯಿ ಒತ್ತಿದರೆ ಆ ಪರಿವರ್ತನೆಯ ದರವನ್ನು ಮೆಷಿನ್‌ನವರು ತಮಗೆ ಬೇಕಾದಂತೆ ಹಾಕುತ್ತಾರೆ. ಚೆಕ್‌ಇನ್ ವೇಳೆ ಡೆಪಾಸಿಟ್‌ಗೆ ಕಾರ್ಡ್ ಕೇಳಿದರೆ ಕ್ರೆಡಿಟ್ ಕಾರ್ಡ್ ಕೊಡಿ. ಡೆಬಿಟ್ ಕಾರ್ಡ್ ಕೊಟ್ಟರೆ ನಿಮ್ಮದೇ ಖಾತೆಯ ದುಡ್ಡು, ನೀವು ಊರಿಗೆ ಬಂದ ಮೇಲೂ ಕೆಲ ದಿನ ಬೀಗ ಹಾಕಿಸಿಕೊಂಡು ಕೂತಿರುತ್ತದೆ.

ಪ್ರಶ್ನೆ: ಉಳಿದ ಡಾಲರ್ ಮನೆಯಲ್ಲಿ ಇಟ್ಟುಕೊಳ್ಳಬಹುದೇ?
– ಓದುಗರು, ಶಿರಸಿ

ಉತ್ತರ: 2,000 ಡಾಲರ್‌ವರೆಗೆ ನೋಟುಗಳನ್ನು ಇಟ್ಟುಕೊಳ್ಳಬಹುದು. ಅದಕ್ಕಿಂತ ಹೆಚ್ಚಿದ್ದರೆ ಬಂದ 180 ದಿನದೊಳಗೆ ಬ್ಯಾಂಕಿಗೋ ಅಧಿಕೃತ ವಿನಿಮಯ ಕೇಂದ್ರಕ್ಕೋ ಒಪ್ಪಿಸಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ.

ಪ್ರಶ್ನೆ: ಮಗ-ಸೊಸೆಯ ಜೊತೆ ಹೋಗುತ್ತಿದ್ದೇನೆ. ಅಲ್ಲಿ ನಮ್ಮ ಕಡೆಯ ಹುಡುಗರೂ ಕೆಲಸಕ್ಕಿದ್ದಾರಂತೆ. ಕನ್ನಡ ಮಾತಾಡುವ ಹುಡುಗನ ಕೈಗೆ ದುಡ್ಡು ಇಟ್ಟರೆ ಅವನಿಗೆ ಬೇಸರವಾಗದೇ?
– ಗೃಹಿಣಿ, ಕುಂದಾಪುರ

ಉತ್ತರ: ಖಂಡಿತ ಆಗುವುದಿಲ್ಲ ಅಮ್ಮಾ. ದುಡಿಯಲಿಕ್ಕೇ ಮನೆ ಬಿಟ್ಟು ಬಂದವನು. ನೀವು ‘ಎಲ್ಲಿಯವನಪ್ಪಾ ನೀನು?’ ಅಂತ ಕೇಳಿದ ಮೇಲೆ ಕೊಟ್ಟರೆ ಅದನ್ನು ಮನೆಯವರು ಕೊಟ್ಟ ಹಾಗೆಯೇ ತೆಗೆದುಕೊಳ್ಳುತ್ತಾನೆ. ಬೇಡ ಅಂತ ಒಂದು ಸಲ ಅನ್ನುತ್ತಾನೆ, ಎರಡನೇ ಸಲ ಹೇಳಿ. ಅದಕ್ಕಿಂತ ದೊಡ್ಡ ಉಪಕಾರ ಮಾಡಬೇಕೆಂದಿದ್ದರೆ ಸೊಸೆಯ ಕೈಯಲ್ಲಿ ರೆಸಾರ್ಟ್‌ನ ಫೀಡ್‌ಬ್ಯಾಕ್ ಫಾರ್ಮ್‌ನಲ್ಲಿ ಅವನ ಹೆಸರು ಬರೆಸಿ, ಎದೆಯ ಬ್ಯಾಡ್ಜ್‌ನಲ್ಲಿ ಹೇಗಿದೆಯೋ ಹಾಗೆಯೇ. ನಮ್ಮಲ್ಲಿ ಮ್ಯಾನೇಜರ್ ಅದನ್ನು ಬೆಳಗಿನ ಮೀಟಿಂಗ್‌ನಲ್ಲಿ ಓದುತ್ತಿದ್ದರು, ಬಡ್ತಿಯ ಹೊತ್ತಿಗೆ ಅದು ಫೈಲಿನಲ್ಲಿ ಇರುತ್ತಿತ್ತು.

ಚಕ್ಕುಲಿ ಡಬ್ಬಿಯನ್ನೋ ಬಟ್ಟೆಯನ್ನೋ ಕೊಡುವ ಆಸೆಯಿದ್ದರೆ ಅದಕ್ಕೂ ದಾರಿಯಿದೆ. ಅತಿಥಿ ಕೊಟ್ಟ ವಸ್ತು ನೌಕರನ ಬ್ಯಾಗಿನಲ್ಲಿ ಸಿಕ್ಕರೆ ಸೆಕ್ಯುರಿಟಿಯವರು ಕೇಳದೆ ಬಿಡುವುದಿಲ್ಲ. ರಿಸೆಪ್ಷನ್‌ನಲ್ಲಿ ಗೇಟ್ ಪಾಸ್ ಅಂತ ಒಂದು ಚೀಟಿ ಇರುತ್ತದೆ. ಏನು ಕೊಟ್ಟಿರಿ, ಯಾರಿಗೆ ಕೊಟ್ಟಿರಿ ಅಂತ ಬರೆದು, ರೂಮ್ ನಂಬರ್ ಹಾಕಿ, ಒಂದು ಸಹಿ ಮಾಡಿ ಆ ಹುಡುಗನ ಕೈಗೆ ಕೊಡಿ.